ಗೆರೆಗಳು ಹೋದ ಮನೆ

ಮೃತರ ಹೆಬ್ಬೆರಳಿನ ಗೆರೆಗಳು ಅವರು ಕೊನೆಯುಸಿರಿನಲ್ಲಿ ನೆನೆದವರ ಹೆಬ್ಬೆರಳಿಗೆ ಸರಿಯುವುದು ಈಶ್ವರಸಂಕಲ್ಪ. ಅವನ್ನು ಹುಡುಕಿ ನೆನಪಿನ ಪದಕಕ್ಕೆ ಅಚ್ಚು ತೆಗೆಯುವುದು ಅಕ್ಕಸಾಲಿಗ ಮೌನೇಶಾಚಾರ್ಯರ ಕಾಯಕ. ಅಂದು ಅದು ಮೂರನೆಯ ಮನೆ. ತೀರಿಕೊಂಡ ಗುರಪ್ಪನ ಹೆಬ್ಬೆರಳು ಆಗಲೇ ನುಣುಪಾಗಿತ್ತು. ಮಕ್ಕಳ ಕೈಗಳನ್ನೆಲ್ಲ ನೋಡಿ ಮುಗಿಸಿ, ದಣಿದ ಕಣ್ಣುಗಳನ್ನು ಒರೆಸಿಕೊಂಡು, ಅವರು ಗುರಪ್ಪನ ಹೆಂಡತಿ ನೀಲಗಂಗಮ್ಮನ ಬೆರಳನ್ನು ಪರೀಕ್ಷಿಸಿದರು. ಗಂಡನ ಗೆರೆಗಳು ಅಲ್ಲಿಯೂ ಮೂಡಿರಲಿಲ್ಲ.

“ಇನ್ನೊಮ್ಮೆ ನೋಡ್ರಿ, ಆಚಾರ್ರ. ಮೂವತ್ತು ವರ್ಷ ಉಣ್ಣಾಕ ನೀಡಿದ ಕೈ ಇದು.”

ಅವರು ಮತ್ತೊಮ್ಮೆ ನೋಡಿ, ಭೂತಗನ್ನಡಿಯನ್ನು ಕೆಳಗಿಟ್ಟರು.

ನೀಲಗಂಗಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ಹಂಗಾದ್ರ ಕೆಳಗಿನ ಓಣ್ಯಾಗ ಶಾಂತವ್ವ ಅಂತ ಅದಾಳ, ಆಕಿ ಮನಿಗೆ ಹೋಗ್ರಿ. ಅಚ್ಚು ಅಲ್ಲೇ ತಗೋಬ್ಯಾಡ್ರಿ, ಆಕಿನ್ನ ಕರ್ಕೊಂಡು ಬರ್ರಿ. ಮಣ್ಣಿಗಿಡೋದ್ರೊಳಗ ಆಕಿನೂ ಒಮ್ಮೆ ಮಾರಿ ನೋಡ್ಲಿ.”