ಶಂಕರನಾರಾಯಣನ ಡಿಫೆನ್ಸ್

ಶಂಕರನಾರಾಯಣನ ಹಾಕಿ ಸ್ಟಿಕ್ಕಿನ ತುದಿ ಮಂಜುಗಡ್ಡೆಗೆ ತಾಗಿಕೊಂಡಿರಬೇಕೋ, ಒಂದು ಗೇಣು ಮೇಲಿರಬೇಕೋ ಎಂಬುದು 1988ರ ಜನವರಿಯಲ್ಲಿ ಮಾರಿಸ್‌ಟೌನ್‌ನ ಎಂಟುನೂರು ಜನರ ಕಂಪನಿಯೊಂದರ ಭವಿಷ್ಯದ ಪ್ರಶ್ನೆಯಾಗಿತ್ತು. ಹಾಗೆಂದು ಅವನ ಮ್ಯಾನೇಜರ್ ಡೊನೊವನ್ ನಂಬಿದ್ದ. ಮ್ಯಾನೇಜರ್ ನಂಬಿದ್ದನ್ನು ಶಂಕರನಾರಾಯಣನೂ ನಂಬುತ್ತಿದ್ದ. ಗ್ರೂಪ್ ಲೀಡರ್ ಕುರ್ಚಿಯ ಮೇಲೆ ಅವನು ಕಣ್ಣಿಟ್ಟು ಮೂರು ವರ್ಷವಾಗಿತ್ತು. ಈಗ ಅದು ಖಾಲಿಯಾಗಿತ್ತು. ಆಫೀಸಿನ ಐಸ್ ಹಾಕಿ ಟೀಮಿನಲ್ಲಿ ಒಬ್ಬ ಡಿಫೆನ್ಸ್ ಆಟಗಾರನ ಜಾಗವೂ ಖಾಲಿಯಾಗಿತ್ತು.

ಸ್ಕೇಟ್ಸ್ ಕಟ್ಟಿಕೊಂಡು ಬೀಳದೆ ನಿಲ್ಲುವುದನ್ನು ಅವನು ಹಿಂದಿನ ಚಳಿಗಾಲವೇ ಕಲಿತಿದ್ದ. ಇನ್ನುಳಿದದ್ದು ಸ್ಟಿಕ್ಕಿನ ಪಾಠ. ಡೊನೊವನ್ ಖುದ್ದಾಗಿ ಕಲಿಸಿದ.

"ಸ್ಟಿಕ್ಕು ಯಾವಾಗಲೂ ಐಸ್ ಮೇಲೆ. ಪಕ್ ನೋಡಬೇಡ, ಅದು ಮೋಸ ಮಾಡುತ್ತೆ. ಎದುರಾಳಿಯ ಎದೆ ನೋಡು. ಹತ್ತಿರ ಬಂದನೋ, ಒಂದೇ ಕೈಲಿ ಸ್ಟಿಕ್ಕು ಚಾಚಿ ಪಕ್ ಚುಚ್ಚು. ಇಲ್ಲ, ಅವನ ಸ್ಟಿಕ್ಕಿನ ಕೆಳಗೆ ನಿನ್ನದನ್ನ ತೂರಿಸಿ ಎತ್ತು, ಪಕ್ ಕದಿ, ಹೊರಡು!"

ಶಂಕರನಾರಾಯಣ ಚುಚ್ಚಿದ, ಎತ್ತಿದ, ಆ ಕರಿ ರಬ್ಬರ್ ಬಿಲ್ಲೆಯನ್ನು ಕದ್ದ. ಕದ್ದು "ಸಾರಿ ಸಾರ್" ಎಂದ.

"ಕದ್ದವನು ಸಾರಿ ಕೇಳ್ತಾನೇನಯ್ಯಾ? ಆಫೀಸಲ್ಲೂ ನಿನ್ನದು ಇದೇ ರೋಗ. ಕೆಲಸ ನೀನು ಮಾಡ್ತೀಯ, ಮೀಟಿಂಗಲ್ಲಿ ಹೆಸರು ಇನ್ಯಾರೋ ಹೊಡ್ಕೊಂಡು ಹೋಗ್ತಾರೆ. ಗ್ರೂಪ್ ಲೀಡರ್ ಆಗೋನಿಗೆ ಬೆಂಕಿ ಬೇಕು, ಬೆಂಕಿ!"

ಬೆಂಕಿಗಾಗಿ ಅವನು ಮನೆಯ ಗರಾಜಿನಲ್ಲಿ ಹಳೇ ಟೆಲಿಫೋನ್ ಡೈರೆಕ್ಟರಿಗಳನ್ನು ಎದುರಾಳಿಗಳಂತೆ ನಿಲ್ಲಿಸಿಕೊಂಡು ಅಭ್ಯಾಸ ಮಾಡಿದ. ಸಾರಿ ಎನ್ನುವುದು ಎಂಟು ವಾರದಲ್ಲಿ ವಾಸಿಯಾಯಿತು. ಆದರೆ ಕಾಲು ಡೈರೆಕ್ಟರಿಗೆ ತಾಗಿದಾಗಲೆಲ್ಲ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ.

"ರೀ, ಅದರಲ್ಲಿರೋದು ಪ್ಲಂಬರ್‌ಗಳ ನಂಬರು" ಎಂದಳು ಹೆಂಡತಿ ಭಾನುಮತಿ.

"ಪುಸ್ತಕ ಪುಸ್ತಕಾನೇ ಕಣೆ."

ಮಾರ್ಚಿ ತಿಂಗಳ ಒಂದು ಭಾನುವಾರ ಮ್ಯಾಚು. ಎದುರಿಗೆ ಒಂದು ಇನ್ಶೂರೆನ್ಸ್ ಕಂಪನಿಯ ಟೀಮು. ಭಾನುಮತಿ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಮೇಲಿನ ಬೆಂಚಿನಲ್ಲಿ ನಡುಗುತ್ತ ಕೂತಿದ್ದಳು. ಒಂದು ಗೋಲಿನಿಂದ ಮುಂದಿದ್ದೇವೆಂದು ಡೊನೊವನ್ ಕೂಗಾಡುತ್ತಿದ್ದ ಕೊನೆಯ ನಿಮಿಷದಲ್ಲಿ, ಆರಡಿ ಎತ್ತರದ ಕೆಂಪು ಗಡ್ಡದವನೊಬ್ಬ ಪಕ್ ಸಮೇತ ನುಗ್ಗಿ ಬಂದ. ಶಂಕರನಾರಾಯಣ ಅವನ ಎದೆಯನ್ನೇ ನೋಡಿದ. ಸ್ಟಿಕ್ಕು ಐಸ್ ಬಿಡಲಿಲ್ಲ. ಒಂದೇ ಕೈಲಿ ಚಾಚಿ ಚುಚ್ಚಿದ. ಪಕ್ ಅತ್ತ ಹಾರಿತು, ಇಬ್ಬರೂ ಇತ್ತ ಉರುಳಿದರು. ಉರುಳುವಾಗ ಶಂಕರನಾರಾಯಣನ ಕಾಲು ಕೆಂಪು ಗಡ್ಡದವನ ತಲೆಗೆ ತಾಗಿತು.

ತಲೆಗೆ! ಅವನು ಸ್ಟಿಕ್ಕು ಬಿಸಾಕಿದ. ಮಂಡಿಯೂರಿ ಎರಡೂ ಗ್ಲೌಸ್ ಕಿತ್ತೆಸೆದು, ಬರಿಗೈಯನ್ನು ಆ ಮನುಷ್ಯನತ್ತ ಚಾಚಿದ.

ಈ ಆಟದಲ್ಲಿ ಗ್ಲೌಸ್ ಕಿತ್ತೆಸೆದರೆ 'ತಾಕತ್ತಿದ್ದರೆ ಬಾ' ಎಂದು ಅರ್ಥ. ಎಂಟು ವಾರದ ಪಾಠದಲ್ಲಿ ಈ ಅಧ್ಯಾಯ ಬಿಟ್ಟುಹೋಗಿತ್ತು. ಕೆಂಪು ಗಡ್ಡದವನು ತನ್ನ ಗ್ಲೌಸನ್ನೂ ಕಿತ್ತೆಸೆದ. ಶಂಕರನಾರಾಯಣನ ಬೆರಳು ಅವನ ಹೆಲ್ಮೆಟ್ ಮುಟ್ಟಿ ಭಕ್ತಿಯಿಂದ ತನ್ನ ಕಣ್ಣಿಗೆ ಬರುವಷ್ಟರಲ್ಲಿ, ಅವನ ಮುಷ್ಟಿ ಆ ಕಣ್ಣಿಗೆ ಮೊದಲೇ ಬಂದಿತ್ತು.

ರೆಫರಿ ಇಬ್ಬರನ್ನೂ ಹೊರಗೆ ಕೂರಿಸಿದ. ಮ್ಯಾಚು ಗೆದ್ದ ಡೊನೊವನ್ ಓಡೋಡಿ ಬಂದು ತಬ್ಬಿಕೊಂಡ.

"ಶಂಕರ್! ಮೂರು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಈ ಬೆಂಕೀನ?"

"ಇಲ್ಲ ಸಾರ್, ಅವರ ತಲೆಗೆ ನನ್ನ ಕಾಲು ತಾಗಿತು, ಅದಕ್ಕೇ..."

"ಒದ್ದೂ ಬಿಟ್ಟೆಯಾ!" ಡೊನೊವನ್‌ನ ಕಣ್ಣಲ್ಲಿ ನೀರೇ ಬಂತು.

ಕಾರಿನಲ್ಲಿ ಭಾನುಮತಿ ಊದಿದ ಕಣ್ಣಿಗೆ ಕರವಸ್ತ್ರದಲ್ಲಿ ಐಸ್ ಕಟ್ಟಿ ಹಿಡಿದಳು. "ನೀವು ನಮಸ್ಕಾರ ಮಾಡೋಕೆ ಹೋದದ್ದು ಅಂತ ನಾಳೆ ಅವರಿಗೆ ಹೇಳಿಬಿಡಿ."

ಅವನು ಇನ್ನೊಂದು ಕಣ್ಣಲ್ಲಿ ರಸ್ತೆ ನೋಡುತ್ತ ಹೆದ್ದಾರಿಯ ಎರಡು ಎಕ್ಸಿಟ್ ದಾಟಿದ. ಆಮೇಲೆ, "ಪ್ರಮೋಷನ್ ಲೆಟರ್ ಕೈಗೆ ಬರಲಿ, ಹೇಳೋಣ" ಎಂದ.

ಸೋಮವಾರ ಹನ್ನೊಂದು ಗಂಟೆಗೆ ಶಂಕರನಾರಾಯಣ ಗ್ರೂಪ್ ಲೀಡರ್ ಆದ. ಲೆಟರ್ ತೆಗೆದುಕೊಳ್ಳುವಾಗ ಮೇಜಿನ ಕೆಳಗೆ ಅವನ ಕಾಲು ಡೊನೊವನ್‌ನ ಕಾಲಿಗೆ ತಾಗಿತು. ಅವನ ಎರಡೂ ಕೈ ಮೇಜಿನ ಮೇಲೆಯೇ ಇದ್ದವು.