ಕಾಗದದ ಬಾಗಿಲು

"ನಿನ್ನ ಹೆಂಡ್ತಿ ಕೈ ನೋಡಲೇ ಪಾಲಪ್ಪ. ಇಂಥ ಕೈಲೆ ಹಚ್ಚಿಸಿದ್ರ ಹಾಳಿ ಬೆಳ್ಳಗ ಹೆಂಗ ಉಳೀತೈತಿ?" ಎಂದು ತಿಪ್ಪೇಶ್ ಕೂಗಾಡಿದ.

ಬಡಗಿ ಪಾಲಪ್ಪ ಬಾಗಿಲುಗಳತ್ತ ತಿರುಗಿದ. ಮರದ ಚೌಕಟ್ಟಿಗೆ ಕಾಗದ ಅಂಟಿಸಿ ಮಾಡಿದ ಎಂಟು ಬಾಗಿಲುಗಳು ಮೊನ್ನೆ ಹಾಲಿನಂತಿದ್ದವು. ಈಗ ಕೆಮ್ಮಣ್ಣು ಬಳಿದಂತಿದ್ದವು. ನಾಳೆ ಮಧ್ಯಾಹ್ನ ಅದಿರು ಕೊಳ್ಳುವ ಚೀನಾದವರು ಇಲ್ಲಿಗೇ ಊಟಕ್ಕೆ ಬರುವವರಿದ್ದರು.

ಸಂಡೂರು ರಸ್ತೆಯಲ್ಲಿ ಆ ಚೀನಾದವರಿಗಾಗಿಯೇ ತಿಪ್ಪೇಶ್ ಕಟ್ಟಿಸಿದ ಹೋಟೆಲಿದು. ಮೂರು ವರ್ಷದ ಹಿಂದೆ ಗಾದಿಗನೂರಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವನಿಗೆ ಈಗ ನಲವತ್ತು ಲಾರಿ. ಮುಂದೆ ಚೀನಾದ ದುಂಡು ಬಾಗಿಲು, ಕೆಂಪು ಕಂಬ, ತುದಿ ಮೇಲಕ್ಕೆ ಬಾಗಿದ ಸೂರು. ಒಳಗೆ ಜಪಾನಿನ ಚಾಪೆ, ಕುಳ್ಳ ಮೇಜು, ಪಕ್ಕಕ್ಕೆ ಸರಿಯುವ ಕಾಗದದ ಬಾಗಿಲು. ಎರಡೂ ದೇಶ ಒಂದೇ ಎಂಬುದು ಅವನ ತಿಳಿವಳಿಕೆ.

ಗಾಜು ಹಾಕೋಣವೆಂದು ಪಾಲಪ್ಪ ಮೂರು ಸಲ ಹೇಳಿದ್ದ. ಡಿಸೈನರ್ ಕೊಟ್ಟ ಚಿತ್ರದಲ್ಲಿ ಕಾಗದವಿದೆ, ಕಾಗದವೇ ಬೇಕು ಎಂದು ತಿಪ್ಪೇಶ್ ಪಟ್ಟು ಹಿಡಿದಿದ್ದ. ಪಾಲಪ್ಪನ ಹೆಂಡತಿ ಜಂಬಮ್ಮ ಮೈದಾ ಅಂಟು ಕಾಯಿಸಿ, ಒಂದೊಂದು ಹಾಳೆ ಮುಟ್ಟುವ ಮುಂಚೆಯೂ ಸೋಪು ಹಚ್ಚಿ ಕೈ ತೊಳೆದು, ಒಂದು ಸುಕ್ಕೂ ಬೀಳದ ಹಾಗೆ ಅಂಟಿಸಿದ್ದಳು. ಅಂಥವಳಿಗೆ ಈ ಮಾತು. ಪಾಲಪ್ಪನ ಮೈಯೆಲ್ಲಾ ಉರಿಯಿತು.

ಅವನು ಬಾಯಿ ತೆರೆಯುವಷ್ಟರಲ್ಲಿ ಜಂಬಮ್ಮ ಉಳಿದಿದ್ದ ಹೊಸ ಹಾಳೆಯೊಂದನ್ನು ತೆಗೆದುಕೊಂಡು ರಸ್ತೆಯ ಅಂಚಿಗೆ ಹೋಗಿ ನಿಂತಳು. ಹಾಳೆಯ ಎರಡು ತುದಿ ಹಿಡಿದು ಅಲ್ಲಾಡದೆ ನಿಂತಳು. ತಾಡಪಾಲು ಕಟ್ಟದ ಅದಿರು ಲಾರಿಗಳು ಕೆಂಪು ಧೂಳೆಬ್ಬಿಸುತ್ತ ಒಂದರ ಹಿಂದೆ ಒಂದು, ಹತ್ತು ಹನ್ನೆರಡು ಹೋದವು. ಅವಳು ಒಳಗೆ ಬಂದು ಹಾಳೆಯನ್ನು ಮೇಜಿನ ಮೇಲೆ ಹಾಸಿ, ಬೆರಳಿಂದ ಒಂದು ಗೆರೆ ಎಳೆದಳು. ಗೆರೆಯಷ್ಟೇ ಬೆಳ್ಳಗಿತ್ತು.

"ಇದರಾಗ ನನ್ನ ಕೈ ಎಲ್ಲೈತ್ರಿ ಧಣೇರ? ಲಾರಿ ಮ್ಯಾಲ ನಿಮ್ಮ ಹೆಸರು ಬರದೈತಿ."

ತಿಪ್ಪೇಶ್ ಹಾಳೆಯನ್ನು ನೋಡಿದ. ಜಂಬಮ್ಮನ ಮುಖ ನೋಡಲಿಲ್ಲ. ತಪ್ಪಾಯ್ತು ಎಂಬ ಒಂದು ಮಾತಿಗೆ ಅವಳು ಕಾದೇ ಕಾದಳು.

"ಹಂಗಾರ ಹಾಳಿ ಎಲ್ಲಾ ಕಿತ್ತು ಹಲಗಿ ಬಡಿ," ಎಂದ ಪಾಲಪ್ಪನಿಗೆ. "ಒಳಗೂ ಕೆಂಪು ಬಣ್ಣ ಹೊಡಸು. ಧೂಳು ಕಾಣಂಗಿಲ್ಲ. ಚೀನಾದವ್ರಿಗೆ ಕೆಂಪಂದ್ರ ಭಾಳ ಶುಭ ಅಂತ."

ಪಾಲಪ್ಪ ಉಳಿ, ಕೊಡತಿಗಳನ್ನು ಚೀಲಕ್ಕೆ ತುಂಬಿದ. ಎಂಟೂ ಕಾಗದದ ಬಾಗಿಲುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದ. ಆಮೇಲೆ ಮುಂದಿನ ದುಂಡು ಬಾಗಿಲ ಎರಡೂ ಕದಗಳನ್ನು ಗೋಡೆಗೆ ತಾಗುವವರೆಗೆ ತಳ್ಳಿ, ಅಲುಗದಂತೆ ಕಲ್ಲು ಇಟ್ಟ.

"ಎಲ್ಲಿಗಲೇ? ಬಣ್ಣ ತರಾಕ?"

"ಬಣ್ಣ ಯಾಕ್ರಿ? ಬಾಗಿಲು ತಗದಿಟ್ಟೀನಿ. ನಾಳೆ ಅವರು ಬರೋದ್ರಾಗ ನಿಮ್ಮ ಲಾರಿಗಳೇ ಹಚ್ಚತಾವ."