ಪಾಟಿಯ ಮೇಲೆ ಬರೆದ ಹೊಟ್ಟೆ

ಬದುವಿನಲ್ಲಿ ಬಿದ್ದಿದ್ದ ಚೀನೀ ಬಟ್ಟೆ ವ್ಯಾಪಾರಿಯನ್ನು ಕುರಿ ಕಾಯುವ ಅಮಸಿದ್ದ ಹೆಗಲ ಮೇಲೆ ಹೊತ್ತು ಬೇಡಗದ ದವಾಖಾನೆಗೆ ತಂದಾಗ, ಅಲ್ಲಿದ್ದವನು ಕಂಪೌಂಡರ್ ಪಾಯಪ್ಪ ಒಬ್ಬನೇ. ಮಿರಜ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ಮೂರು ತಿಂಗಳಾಗಿತ್ತು. ಸಂಸ್ಥಾನದ ಡಾಕ್ಟರು ಹೋಗಿದ್ದರು, ಸರಕಾರದ ಡಾಕ್ಟರು ಬಂದಿರಲಿಲ್ಲ.

ಮುದುಡಿ ಮಲಗಿದ್ದ ವ್ಯಾಪಾರಿ ಎಲ್ಲಿ ಮುಟ್ಟಿದರೂ ನರಳುತ್ತಿದ್ದ. ಅವನ ಮಾತು ಇವರಿಗೆ ತಿಳಿಯದು, ಇವರದು ಅವನಿಗೆ ತಿಳಿಯದು. ಪಾಯಪ್ಪ ಪಾಟಿ, ಬಳಪ ಕೊಟ್ಟ. ಅವನು ಒಂದೇ ಒಂದು ಅಕ್ಷರ ಬರೆದ. ನಾಲ್ಕು ಮನೆಯ ಚೌಕ, ಅದರ ಕೆಳಗೆ ಎರಡು ಕಾಲು, ಕಾಲುಗಳ ನಡುವೆ ಅಡ್ಡಗೆರೆಗಳು.

ಓದಿದವನೆಂಬ ಜಂಬ ಪಾಯಪ್ಪನಿಗೆ ಸ್ವಲ್ಪ ಹೆಚ್ಚೇ ಇತ್ತು. "ಮ್ಯಾಲ ಕಿಡಕಿ, ಕೆಳಗ ನಿಚ್ಚಣಿಕಿ. ನಿಚ್ಚಣಿಕಿ ಮ್ಯಾಲಿಂದ ಬಿದ್ದಾನ! ಎಲುಬು ಮುರದೈತಿ," ಎಂದವನೇ ಕಟ್ಟಲು ಬಿದಿರಿನ ದಬ್ಬೆ ತಂದ.

ಅಮಸಿದ್ದ ಒಪ್ಪಲಿಲ್ಲ. ಮೇವು ಬಿಟ್ಟ ಕುರಿಗೆ ಮಾಡುವಂತೆ ಪಕ್ಕೆಯ ಕೆಳಗೆ ಎರಡು ಬೆರಳಿಟ್ಟು ಒತ್ತಿದ.

"ವೇಯ್!" ಎಂದು ಚೀರಿದ ವ್ಯಾಪಾರಿ, ಒಮ್ಮೆ ಪಾಟಿ ಬಡಿದ, ಒಮ್ಮೆ ಹೊಟ್ಟೆ ಬಡಿದುಕೊಂಡ.

"ಹೊಟ್ಟಿ ಅಂತ ಬರದಾನ! ತಡಿ, ಔಡಲೆಣ್ಣಿ ಕುಡಸ್ತೀನಿ," ಎಂದ ಪಾಯಪ್ಪ.

"ಸತ್ತಗಿತ್ತಾನ್ರಿ ಸಾಹೇಬ್ರ! ಒತ್ತಿದ್ರ ಬೆರಳು ಬೆನ್ನಿಗೆ ಹತ್ತತೈತಿ. ಒಳಗ ಕೂಳ ಇಲ್ಲ, ತೊಳ್ಯಾಕ ಏನೈತಿ?"

ಅಮಸಿದ್ದ ತನ್ನ ಬುತ್ತಿಯ ಅಂಬಲಿಯನ್ನು ನೀರಾಗಿಸಿ ಗುಟುಕು ಗುಟುಕಾಗಿ ಕುಡಿಸಿದ. ಪಾಯಪ್ಪ ನಾಚಿಕೊಂಡು ಎಣ್ಣೆಯ ಬಾಟಲಿ ಒಳಗಿಟ್ಟ.

ಮೂರನೆಯ ದಿನ ವ್ಯಾಪಾರಿ ಎದ್ದು ಕುಳಿತ. ಪಾಯಪ್ಪನಿಗೆ ಆ ಅಕ್ಷರದ್ದೇ ಗುಂಗು. ಪಾಟಿ ತೋರಿಸಿ, ಏನೋ ಕೇಳುವವನಂತೆ ದನಿ ಏರಿಸಿ "ವೇಯ್?" ಎಂದ. ವ್ಯಾಪಾರಿ ತಲೆಯಾಡಿಸಿದ, ಹಾಗಲ್ಲ. ಅಮಸಿದ್ದ ನಾಯಿಯನ್ನು ಗದರುವಂತೆ ದನಿಯನ್ನು ಮೇಲಿನಿಂದ ಕೆಳಕ್ಕೆ ಎಸೆದ. ವ್ಯಾಪಾರಿ ನಕ್ಕು ಅವನ ಬೆನ್ನು ತಟ್ಟಿದ. ಆಮೇಲೆ ಅಕ್ಷರದ ಕೆಳಭಾಗ ಮುಟ್ಟಿ ತನ್ನ ತೋಳಿನ ಮಾಂಸ ಚಿವುಟಿ ತೋರಿಸಿದ. ಮೇಲಿನ ಚೌಕ ಮುಟ್ಟಿ, ಹೊರಗೆ ಬದು ಹಾಕಿದ್ದ ಹೊಲಗಳ ಕಡೆ ಕೈ ಚಾಚಿದ.

"ಮ್ಯಾಲ ಹೊಲ, ಕೆಳಗ ಖಂಡ! ಬರೋಬ್ಬರಿ ಬರದಾರಲ್ರಿ!" ಅಮಸಿದ್ದನಿಗೆ ಕಾಣದ ಆ ದೇಶದ ಮೇಲೆ ಪ್ರೀತಿಯೇ ಹುಟ್ಟಿತು. ಚೌಕದ ಮೇಲೆ ಬೆರಳಿಟ್ಟು, ವ್ಯಾಪಾರಿಯ ಎದೆ ಮುಟ್ಟಿ ಕೇಳಿದ, "ತಮ್ಮಾ, ನಿನ್ನ ಹೊಲ ಎಲ್ಲೈತಿ?"

ವ್ಯಾಪಾರಿ ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡ. ಹೆಬ್ಬೆರಳಿಗೆ ಎಂಜಲು ಹಚ್ಚಿ, ಮೇಲಿನ ಚೌಕವನ್ನು ಅಳಿಸಿದ.